ವೃದ್ಧಾಪ್ಯದ ಉಳಿತಾಯವೂ ಸಲಹೆಗಾರನ ಆಯ್ಕೆಯೂ

ಮನುಷ್ಯನು ದುಡಿಯಬಲ್ಲ ಕಾಲವು ಮಿತವಾದುದು. ಉಣ್ಣಬೇಕಾದ ಕಾಲವಾದರೋ ಜೀವ ಇರುವವರೆಗೂ ಉಂಟು. 25ನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿ 60ಕ್ಕೆ ನಿವೃತ್ತನಾದವನು 85ರವರೆಗೆ ಬಾಳಿದನೆಂದಿಟ್ಟುಕೊಳ್ಳೋಣ. ಆಗ ಕೊನೆಯ 25 ವರ್ಷಗಳ ಊಟ, ಬಟ್ಟೆ, ಔಷಧಗಳೆಲ್ಲವೂ ಹಿಂದಿನ 35 ವರ್ಷಗಳ ದುಡಿಮೆಯಿಂದಲೇ ಒದಗಬೇಕು. ಇದು ಹಿರಿಯರ ಚಿಂತೆ, ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಆದರೆ ಇದರ ಗಣಿತವು ಅವರ ಪಠ್ಯಪುಸ್ತಕದಲ್ಲಿಯೇ ಇದೆ. ಅಲ್ಲದೆ, ತಂದೆತಾಯಿಗಳು ಸಹಿ ಹಾಕುವ ಕಾಗದವನ್ನು ಓದಿ ಹೇಳುವವರು ಎಷ್ಟೋ ಮನೆಗಳಲ್ಲಿ ಅವರೇ ಆಗಿರುತ್ತಾರೆ.

ಹಿಂದೆ ಸರಕಾರಿ ನೌಕರನಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಕೊನೆಯ ಸಂಬಳದ ಆಧಾರದ ಮೇಲೆ ನಿಶ್ಚಿತವಾದ ಪಿಂಚಣಿ ಬರುತ್ತಿತ್ತು. 2004ರ ಜನವರಿ 1ರಿಂದ ಕೇಂದ್ರದ ಹೊಸ ನೌಕರರಿಗೆ (ಸೈನ್ಯವನ್ನು ಬಿಟ್ಟು), 2006ರ ಏಪ್ರಿಲ್ 1ರಿಂದ ಕರ್ನಾಟಕದ ಹೊಸ ನೌಕರರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಅನ್ವಯವಾಯಿತು. ಇದರಲ್ಲಿ ನೌಕರನೂ ಸರಕಾರವೂ ಪ್ರತಿ ತಿಂಗಳು ಹಣ ಕಟ್ಟುತ್ತಾರೆ. ಆ ಹಣವನ್ನು ಸಾಲಪತ್ರ, ಷೇರು ಮೊದಲಾದವುಗಳಲ್ಲಿ ತೊಡಗಿಸಲಾಗುತ್ತದೆ. ಕೊನೆಗೆ ಎಷ್ಟು ಸಿಕ್ಕೀತೆಂಬುದು ಮೊದಲೇ ಗೊತ್ತಿರುವುದಿಲ್ಲ. ಕಲಬುರಗಿಯಲ್ಲಿ ಭೌತವಿಜ್ಞಾನ ಕಲಿಸುವ ನಾನೂ ಈ ಗುಂಪಿಗೆ ಸೇರಿದವನು. ರೈತರಿಗೂ ಅಂಗಡಿಕಾರರಿಗೂ ನಿಶ್ಚಿತ ಪಿಂಚಣಿ ಎಂದೂ ಇರಲಿಲ್ಲ. ಹೀಗಿರುವುದರಿಂದ ಸಲಹೆ ಹೇಳುವವರ ಅಗತ್ಯ ಹೆಚ್ಚಿದೆ. ಸಲಹೆಗಾರರೆಂದು ಹೇಳಿಕೊಳ್ಳುವವರ ಸಂಖ್ಯೆಯೂ ಹೆಚ್ಚಿದೆ.

ಕಮಲಾಪುರದ ಒಂದು ಪ್ರಸಂಗ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಅಲ್ಲಿ ನನ್ನ ಕಾಕಾ ಒಬ್ಬರು ಬಾಳೆ, ತೊಗರಿ ಬೆಳೆಯುತ್ತಾರೆ. ನಾನು ಎಂ.ಎಸ್‌ಸಿ. ಓದುತ್ತಿದ್ದಾಗ ಅವರು ಹೊಲದ ಒಂದು ತುಂಡನ್ನು ಮಾರಿದರು. ಮುಪ್ಪಿನ ಕಾಲಕ್ಕೆ ಆಗಲೆಂದು, ಪರಿಚಿತರೊಬ್ಬರ ಮಾತಿನಂತೆ, ವರ್ಷಕ್ಕೆ 50,000 ರೂಪಾಯಿಯಂತೆ 12 ವರ್ಷ ಕಟ್ಟಬೇಕಾದ ಒಂದು ವಿಮಾ ಯೋಜನೆಗೆ ಸೇರಿದರು. ಎರಡು ಕಂತು ಕಟ್ಟಿದರು. ಮೂರನೆಯ ವರ್ಷ ಮಳೆ ಕೈಕೊಟ್ಟಿತು, ಕಂತು ನಿಂತಿತು. ಅಂದಿನ ಷರತ್ತಿನಂತೆ ಮೂರು ವರ್ಷ ಪೂರ್ತಿ ಕಟ್ಟದ್ದರಿಂದ ಒಂದು ಲಕ್ಷದಲ್ಲಿ ಬಿಡಿಗಾಸೂ ಹಿಂದಿರುಗಲಿಲ್ಲ.

ಆಗ ಕಾಕಾ ಹೇಳಿದ ಮಾತು ನನಗಿನ್ನೂ ನೆನಪಿದೆ: “ಗಂಜಿನ್ಯಾಗ ಹಮಾಲಿಗೆ ಎಷ್ಟು, ತೂಕಕ್ಕ ಎಷ್ಟು ಅಂತ ಪಟ್ಟಿಯೊಳಗ ಬರದಿರ್ತದ, ತಮ್ಮಾ. ಈ ಕಾಗದದಾಗ ಯಾರಿಗೆ ಎಷ್ಟು ಹೋಯ್ತು ಅಂತ ಎಲ್ಲಿ ಬರದದ?”

ಸಹಿ ಹಾಕುವ ಮುನ್ನ ಆ ಕಾಗದ ನನ್ನ ಕೈಗೂ ಬಂದಿತ್ತು. ಘಾತೀಯ ಬೆಳವಣಿಗೆಯ ಸಮೀಕರಣವನ್ನು ಬಲ್ಲ ನಾನೂ ಈ ಪ್ರಶ್ನೆಯನ್ನು ಕೇಳಲಿಲ್ಲ. ಸಲಹೆಗಾರನನ್ನು ಆರಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ನೂರಕ್ಕೆ ಒಂದರ ಶಕ್ತಿ

ಈ ಪ್ರಶ್ನೆಗೆ ಇಷ್ಟು ಮಹತ್ವ ಏಕೆಂಬುದನ್ನು ಚಕ್ರಬಡ್ಡಿಯ ಲೆಕ್ಕದಿಂದ ತಿಳಿಯಬಹುದು. ಒಂದು ಲಕ್ಷ ರೂಪಾಯಿ ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆಯುತ್ತದೆಂದು ಭಾವಿಸಿರಿ. (ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಯಾರೂ ಕೊಟ್ಟ ಭರವಸೆಯಲ್ಲ.) ಅದು 10 ವರ್ಷಗಳಲ್ಲಿ 2.59 ಲಕ್ಷ, 20 ವರ್ಷಗಳಲ್ಲಿ 6.73 ಲಕ್ಷ, 30 ವರ್ಷಗಳಲ್ಲಿ 17.45 ಲಕ್ಷ ಆಗುತ್ತದೆ. ಈಗ ಪ್ರತಿ ವರ್ಷ ನೂರಕ್ಕೆ ಒಂದು ರೂಪಾಯಿ ಮಧ್ಯದಲ್ಲಿ ಸೋರಿಹೋಗಿ, ಬೆಳವಣಿಗೆ ನೂರಕ್ಕೆ 9 ಮಾತ್ರ ಉಳಿಯಿತೆನ್ನೋಣ. ಮೊತ್ತಗಳು ಅನುಕ್ರಮವಾಗಿ 2.37, 5.60 ಮತ್ತು 13.27 ಲಕ್ಷಕ್ಕೆ ಇಳಿಯುತ್ತವೆ. 30ನೆಯ ವರ್ಷದಲ್ಲಿ 4.18 ಲಕ್ಷ, ಎಂದರೆ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು, ಕಾಣೆಯಾಗಿರುತ್ತದೆ. ಸೋರಿಹೋದ ರೂಪಾಯಿಯಷ್ಟೇ ಅಲ್ಲ, ಅದು ಮುಂದೆ ಗಳಿಸಬಹುದಾಗಿದ್ದ ಬಡ್ಡಿಯೂ ಬಡ್ಡಿಯ ಬಡ್ಡಿಯೂ ನಷ್ಟವಾಗುವುದೇ ಇದಕ್ಕೆ ಕಾರಣ.

ಬೆಲೆಯೇರಿಕೆಯೂ ಇದೇ ನಿಯಮಕ್ಕೆ ಒಳಪಟ್ಟಿದೆ. ಹಣ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುವುದೆಂದು ತಿಳಿಯಲು 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಸಾಕು. ವಿಕಿರಣಶೀಲ ಧಾತುವಿನ ಅರ್ಧಾಯುಷ್ಯದ ಸೂತ್ರದಲ್ಲಿ ಬರುವ 0.693 ಎಂಬ ಸಂಖ್ಯೆಯೇ ಇಲ್ಲಿಯೂ ಮೂಲ. ಭಾಗಾಕಾರ ಸುಲಭವಾಗಲೆಂದು 69ರ ಬದಲು 72ನ್ನು ಬಳಸುತ್ತಾರೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ 12 ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ. ಇಂದು ತಿಂಗಳಿಗೆ 20,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ 24 ವರ್ಷಗಳ ತರುವಾಯ ಸುಮಾರು 80,000 ಬೇಕಾಗುತ್ತದೆ. ಒಂದು ಕಡೆ ಬೆಲೆಯೇರಿಕೆ, ಇನ್ನೊಂದು ಕಡೆ ಸೋರಿಕೆ. ಇವೆರಡರ ನಡುವೆ ಉಳಿದುದೇ ವೃದ್ಧಾಪ್ಯದ ಅನ್ನ.

ಮಾರುವವನು, ಸಲಹೆಗಾರ

ಹಣದ ವಿಷಯದಲ್ಲಿ ಮಾತು ಹೇಳುವವರಲ್ಲಿ ಎರಡು ವರ್ಗಗಳುಂಟು. ಮೊದಲನೆಯವರು ವಿಮಾ ಏಜೆಂಟರು, ಮ್ಯೂಚುವಲ್ ಫಂಡ್ ವಿತರಕರು. ಇವರಿಗೆ ಪ್ರತಿಫಲ ಕೊಡುವುದು ಯೋಜನೆಯನ್ನು ನಡೆಸುವ ಸಂಸ್ಥೆ. ಅದಕ್ಕೆ ಕಮಿಷನ್ ಎಂದು ಹೆಸರು. ವಿಮೆಯಲ್ಲಿ ಮೊದಲ ವರ್ಷದ ಕಂತಿನಿಂದ ಏಜೆಂಟರಿಗೆ ಸಲ್ಲುವ ಪಾಲು ಸಾಮಾನ್ಯವಾಗಿ ಮುಂದಿನ ವರ್ಷಗಳದಕ್ಕಿಂತ ಬಹಳ ಹೆಚ್ಚು. ಎರಡನೆಯವರು ನೋಂದಾಯಿತ ಹೂಡಿಕೆ ಸಲಹೆಗಾರರು. ಭಾರತೀಯ ಪ್ರತಿಭೂತಿ ಮತ್ತು ವಿನಿಮಯ ಮಂಡಳಿಯು, ಎಂದರೆ ಸೆಬಿಯು, 2013ರಲ್ಲಿ ಮಾಡಿದ ನಿಯಮಗಳಿಗೆ ಇವರು ಒಳಪಟ್ಟವರು. ಇವರಿಗೆ ಶುಲ್ಕ ಕೊಡುವವರು ನಾವು. 2020ರ ತಿದ್ದುಪಡಿಯಂತೆ ಒಬ್ಬನೇ ಗಿರಾಕಿಗೆ ಸಲಹೆಯನ್ನೂ ಕೊಟ್ಟು, ಅವನಿಗೇ ಕಮಿಷನ್ನಿನ ಯೋಜನೆಯನ್ನೂ ಮಾರುವಂತಿಲ್ಲ.

ಕಮಿಷನ್ ಪಡೆಯುವುದು ಮೋಸವಲ್ಲ. ಮನೆಗೆ ಬಂದು ಅರ್ಜಿ ತುಂಬಿಸಿ, ಆಪತ್ಕಾಲದಲ್ಲಿ ವಿಮೆಯ ಹಣ ಕೊಡಿಸುವ ಏಜೆಂಟರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಮಾರುವವನ ಮಾತನ್ನು ಸಲಹೆಗಾರನ ಮಾತೆಂದು ತಿಳಿಯುವುದು ತಪ್ಪು. 2013ರ ಜನವರಿ 1ರಿಂದ ಪ್ರತಿಯೊಂದು ಮ್ಯೂಚುವಲ್ ಫಂಡಿನಲ್ಲಿಯೂ ವಿತರಕರ ಕಮಿಷನ್ ಇಲ್ಲದ ‘ನೇರ’ ಬಗೆ ದೊರೆಯುತ್ತಿದೆ. ಅದರ ವೆಚ್ಚವನ್ನೂ ‘ಸಾಮಾನ್ಯ’ ಬಗೆಯ ವೆಚ್ಚವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಿನ ಸೋರಿಕೆ ಎಷ್ಟೆಂಬುದು ಯಾರಿಗಾದರೂ ಕಾಣುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು: ನಿಮಗೆ ಹಣ ಕೊಡುವವರು ಯಾರು? ಉತ್ತರವನ್ನು ಬರೆದು ಕೊಡುವಂತೆ ಕೇಳಬೇಕು. “ನನ್ನ ಸಲಹೆ ಉಚಿತ” ಎಂದವನಿಗೆ ಬೇರೆ ಯಾರೋ ಕೊಡುತ್ತಿರುತ್ತಾರೆ.

ಎರಡನೆಯದು: ನೋಂದಣಿಯ ಸಂಖ್ಯೆ ಯಾವುದು? ಸೆಬಿ ಸಲಹೆಗಾರರ ಸಂಖ್ಯೆಯು ‘ಐಎನ್‌ಎ’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಸೆಬಿಯ ಜಾಲತಾಣದಲ್ಲಿ ಪಟ್ಟಿ ಇದೆ. ಪರೀಕ್ಷಿಸುವುದು ಐದು ನಿಮಿಷದ ಕೆಲಸ.

ಮೂರನೆಯದು: ಅವನು ಮೊದಲು ನಮ್ಮನ್ನು ವಿಚಾರಿಸಿದನೆ? ನಾಡಿ ನೋಡದೆ ಔಷಧ ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ವಯಸ್ಸು, ಸಾಲ, ಅವಲಂಬಿತರು, ಆರೋಗ್ಯ, ನಷ್ಟವನ್ನು ತಾಳುವ ಶಕ್ತಿ ಇವುಗಳನ್ನು ತಿಳಿಯದೆ ಯೋಜನೆಯ ಹೆಸರನ್ನು ಹೇಳುವವನು ಸಲಹೆಗಾರನಲ್ಲ. ಮಳೆಯನ್ನು ನಂಬಿದ ರೈತನಿಗೆ 12 ವರ್ಷದ ತಪ್ಪದ ಕಂತು ಹೊಂದುವುದೇ ಎಂದು ಅಂದು ಯಾರಾದರೂ ಕೇಳಿದ್ದರೆ ಕಾಕಾನ ಹಣ ಉಳಿಯುತ್ತಿತ್ತು.

ನಾಲ್ಕನೆಯದು: ಹಣ ಯಾರ ಖಾತೆಗೆ ಹೋಗುತ್ತದೆ? ಸಲಹೆಗಾರನಿಗೆ ಸಲ್ಲಬೇಕಾದದ್ದು ಶುಲ್ಕ ಮಾತ್ರ. ಹೂಡುವ ಹಣವನ್ನು ತನ್ನ ಹೆಸರಿಗೆ ಕೊಡೆಂದು ಕೇಳುವವನಿಂದ ದೂರವಿರಬೇಕು.

ಐದನೆಯದನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ಭರವಸೆ ಲೆಕ್ಕಕ್ಕೆ ಕೂಡುತ್ತದೆಯೆ? “ಮೂರು ವರ್ಷದಲ್ಲಿ ಇಮ್ಮಡಿ ಗ್ಯಾರಂಟಿ” ಎಂದರೆ, 72ನ್ನು 3ರಿಂದ ಭಾಗಿಸಿದಾಗ, ವರ್ಷಕ್ಕೆ ನೂರಕ್ಕೆ ಸುಮಾರು 24. ಯಾವ ಬ್ಯಾಂಕೂ ಠೇವಣಿಗೆ ಕೊಡದ ದರವನ್ನು ಅಪಾಯವಿಲ್ಲದೆ ಕೊಡುವೆನೆಂಬ ಮಾತು ನಂಬತಕ್ಕದ್ದಲ್ಲ.

ಉಳಿತಾಯ ಚಿಕ್ಕದಾದರೆ ಶುಲ್ಕವೇ ಭಾರವಾದೀತು. ಅಂಥವರಿಗೆ ಸಲಹೆಗಾರನಿಲ್ಲದೆಯೂ ದಾರಿಗಳುಂಟು. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ 2009ರ ಮೇ 1ರಿಂದ ಎಲ್ಲ ನಾಗರಿಕರಿಗೂ ತೆರೆದಿದೆ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ ಆದಾಯ ತೆರಿಗೆ ಕಟ್ಟದ, 18ರಿಂದ 40 ವಯಸ್ಸಿನವರು ಸೇರಬಹುದು. 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಸಿಗುತ್ತದೆ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿದೆ. ವಿಮೆಗೆ ಸಹಿ ಹಾಕಿ ಪಶ್ಚಾತ್ತಾಪಪಡುವವರಿಗೆ 2024ರ ನಿಯಮ ಒಂದು ಅವಕಾಶ ಕೊಟ್ಟಿದೆ: ಜೀವವಿಮಾ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು.

ಕಾಕಾನ ಮಗ ಹೋದ ವರ್ಷ ಕಮಲಾಪುರದ ಬ್ಯಾಂಕಿನಲ್ಲಿ ಅಟಲ್ ಯೋಜನೆಗೆ ಸೇರಿದ. ಅದರ ಮೊತ್ತ ದೊಡ್ಡದಲ್ಲ. ಬೆಲೆಯೇರಿಕೆಯ ಮುಂದೆ ಇನ್ನೂ ಚಿಕ್ಕದಾಗುತ್ತದೆ. ಉಳಿದುದಕ್ಕೆ ಬೇರೆ ದಾರಿ ಬೇಕೆಂದು ಅವನಿಗೂ ಗೊತ್ತು. ಅರ್ಜಿಯ ಹಾಳೆಯನ್ನು ನನ್ನ ಕೈಗಿತ್ತು ಕಾಕಾ ತಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದರು. ಈ ಸಲ ನಾವು ಮೂವರೂ ಕುಳಿತು ಓದಿದೆವು. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಇಂದು ಮನೆಗೆ ಹೋಗಿ ಪೆಟ್ಟಿಗೆಯಲ್ಲಿರುವ ಅಂಥದೊಂದು ಕಾಗದವನ್ನು ಹೊರತೆಗೆದು, ಕಾಕಾನ ಪ್ರಶ್ನೆಗೆ ಅದರಲ್ಲಿ ಉತ್ತರವಿದೆಯೆ ಎಂದು ಹುಡುಕಿ ನೋಡಲಿ.