ಚೇಳುಗಳ ಭೇದವನ್ನರಿಯೋಣ

ಸರ್ವಜ್ಞನಗರದ ಬಡಾವಣೆಗಳಲ್ಲಿ ಮನೆ ಕಟ್ಟಿಸುವ ಗೃಹಸ್ಥರು ಕಲ್ಲುರಾಶಿಯನ್ನು ಕದಲಿಸಿದಾಗ ಚೇಳು ಹೊರಬರುವುದುಂಟು. ಗಾತ್ರದಲ್ಲಿ ಹಿರಿದಾದುದೇ ಹೆಚ್ಚು ವಿಷಕಾರಿಯೆಂಬ ಜನರ ನಂಬಿಕೆಯನ್ನು ನಾವು ಒಪ್ಪಲಾರೆವು.

ದಪ್ಪ ಇಕ್ಕಳಗಳುಳ್ಳ, ಬಾಲ ತೆಳುವಾದ ದೊಡ್ಡ ಕರಿಚೇಳು ಕುಟುಕಿದರೆ ನೋವು ಬಹಳ, ಪ್ರಾಣಾಪಾಯ ವಿರಳ. ತೆಳು ಇಕ್ಕಳ, ದಪ್ಪ ಬಾಲಗಳ ಚಿಕ್ಕ ಕೆಂಪುಚೇಳಾದರೋ ಹೃದಯವನ್ನೇ ಕೆಡಿಸಬಲ್ಲುದು. ಮಕ್ಕಳಿಗೆ ಮಾರಕವೂ ಆಗಬಹುದು. ಕಾಲುಗಳ ನಡುವಣ ಎದೆಫಲಕವು ಕರಿಚೇಳಿಗೆ ಐದು ಮೂಲೆಯದು, ಕೆಂಪುಚೇಳಿಗೆ ತ್ರಿಕೋನಾಕಾರದ್ದು.

ಆದರೆ ಕೆಂಪುಚೇಳಿನ ಹತ್ತಿರದ ಬಂಧುಗಳನ್ನು ಬೇರ್ಪಡಿಸಲು ಬಣ್ಣವನ್ನು ನಂಬಲಾಗದು. ಒಂದೇ ಜಾತಿಯಲ್ಲಿ ಕಿತ್ತಳೆಯೂ ಉಂಟು, ಕಂದೂ ಉಂಟು. ಆದುದರಿಂದ ತಜ್ಞರು ಹೊಟ್ಟೆಯಡಿಯ ಬಾಚಣಿಗೆಯಂತಹ ಅಂಗದ ಹಲ್ಲುಗಳನ್ನೂ ಬಾಲದ ಏಣುಗಳನ್ನೂ ಎಣಿಸುತ್ತಾರೆ. ಅದು ಭೂತಗನ್ನಡಿಯ ಕೆಲಸ.

ಕುಟುಕಿಸಿಕೊಂಡವರ ಮನೆಯಲ್ಲಿ ಅಷ್ಟು ವ್ಯವಧಾನವೆಲ್ಲಿಯದು? ಮಹಾರಾಷ್ಟ್ರದ ಮಹಾಡದಲ್ಲಿ ಪ್ರಾಜೋಸಿನ್ ಔಷಧದಿಂದ ಅನೇಕ ಜೀವಗಳನ್ನುಳಿಸಿದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಔಷಧವಿದೆ, ಸಕಾಲದಲ್ಲಿ ತಲಪಬೇಕಷ್ಟೆ. ಬೆವರು, ವಾಂತಿ, ಕೈಕಾಲು ತಣ್ಣಗಾಗುವಿಕೆ ಕಂಡೊಡನೆ ಆಸ್ಪತ್ರೆಗೆ ಧಾವಿಸತಕ್ಕದ್ದು. ಮಕ್ಕಳಾದರೆ ಲಕ್ಷಣಗಳಿಗೂ ಕಾಯಬಾರದು. ವಿಭೂತಿ ಧರಿಸುವುದು ಭಕ್ತಿ. ಅದನ್ನೇ ಚಿಕಿತ್ಸೆಯೆಂದು ಕಾಲ ಕಳೆಯುವುದು ಭಕ್ತಿಯಲ್ಲ.