ಮಗುವಿನ ಔಷಧಿ ಚೀಟಿಗೆ ಹೊಣೆ ಯಾರು?

ಇಂಗ್ಲೆಂಡಿನಲ್ಲಿ ಮಗುವಿಗೆ ಮೂರ್ಛೆರೋಗವಿದೆ ಎಂದು ಪತ್ತೆಹಚ್ಚಿ ಔಷಧಿ ಶುರುಮಾಡುವವರು ಆಸ್ಪತ್ರೆಯ ತಜ್ಞರು. ಆಮೇಲೆ ಅದೇ ಔಷಧಿಯನ್ನು ಬರೆದುಕೊಡುತ್ತ ಹೋಗುವವರು ಸಾಮಾನ್ಯವಾಗಿ ಮನೆ ಹತ್ತಿರದ ಜಿ.ಪಿ., ಅಂದರೆ ಕುಟುಂಬ ವೈದ್ಯರು. ಚೀಟಿಗಾಗಿ ಹೆತ್ತವರು ಪ್ರತಿ ಸಲ ದೂರದ ಆಸ್ಪತ್ರೆಗೆ ಅಲೆಯಬೇಕಿಲ್ಲ. ಮಗುವಿನ ಎಲ್ಲ ಔಷಧಿಗಳೂ ಒಬ್ಬರ ಕಣ್ಣಳತೆಯಲ್ಲಿರುತ್ತವೆ. 'ಶೇರ್ಡ್ ಕೇರ್' ಎಂಬ ಈ ಏರ್ಪಾಡು ಬೇಕಾದದ್ದೇ. ಆದರೆ ಅಲ್ಲಿ ವೈದ್ಯರ ಮೇಲೆ ನಿಗಾ ಇಡುವ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರಕಾರ ಚೀಟಿಗೆ ಸಹಿ ಹಾಕಿದವರೇ ಅದಕ್ಕೆ ಹೊಣೆ. ತಜ್ಞರು ಹೇಳಿದ್ದಕ್ಕೆ ಬರೆದೆ ಎಂದು ಜಿ.ಪಿ. ಜಾರಿಕೊಳ್ಳುವಂತಿಲ್ಲ. ಹೀಗಿರುವಾಗ ಆಸ್ಪತ್ರೆ ಒಂದು ಪತ್ರ ಕಳಿಸಿ ಕೈತೊಳೆದುಕೊಂಡರೆ ಅದು ಹಂಚಿಕೆಯಲ್ಲ, ಹೇರಿಕೆ.

ದೊಡ್ಡವರಿಗಿಂತ ಮಕ್ಕಳ ವಿಷಯದಲ್ಲಿ ಈ ಹೇರಿಕೆ ಹೆಚ್ಚು ಅಪಾಯಕಾರಿ. ಮಗುವಿನ ಡೋಸ್ ಬಹುಮಟ್ಟಿಗೆ ತೂಕವನ್ನು ಅವಲಂಬಿಸಿದೆ. ಮಗು ಬೆಳೆಯುತ್ತದೆ, ಕಂಪ್ಯೂಟರಿನಲ್ಲಿರುವ ಹಳೆಯ ಚೀಟಿ ಬೆಳೆಯುವುದಿಲ್ಲ. ಎಷ್ಟೋ ಔಷಧಿಗಳನ್ನು ಮಕ್ಕಳಿಗೆ ಕೊಡುವುದು ಅವುಗಳಿಗೆ ಸಿಕ್ಕ ಪರವಾನಗಿಯ ಎಲ್ಲೆಯಾಚೆ. ಆಗ ವೈದ್ಯರು ನೆಚ್ಚುವುದು 2005ರಿಂದ ಬರುತ್ತಿರುವ ಮಕ್ಕಳ ಔಷಧಿ ಕೈಪಿಡಿಯನ್ನು. ಇನ್ನು ದ್ರವ ಔಷಧಿಗಳ ಕಥೆ ನೋಡಿ. ಮೂರ್ಛೆರೋಗದ ಔಷಧಿ ಫೀನೋಬಾರ್ಬಿಟಾಲ್ 5 ಮಿ.ಲೀ.ಗೆ 15 ಮಿ.ಗ್ರಾಂ. ಇರುವ ಬಾಟಲಿಯೂ ಇದೆ, 50 ಮಿ.ಗ್ರಾಂ. ಇರುವುದೂ ಇದೆ. ಆಸ್ಪತ್ರೆಯಲ್ಲಿ ಒಂದು, ಊರಿನ ಔಷಧಿ ಅಂಗಡಿಯಲ್ಲಿ ಇನ್ನೊಂದು ಸಿಕ್ಕಿ, ತಾಯಿ ರೂಢಿಯಂತೆ 5 ಮಿ.ಲೀ. ಕುಡಿಸಿದರೆ ಮಗುವಿನ ಹೊಟ್ಟೆಗೆ ಹೋಗುವುದು ಮೂರು ಪಟ್ಟಿಗೂ ಹೆಚ್ಚು, ಇಲ್ಲವೇ ಮೂರನೇ ಒಂದಕ್ಕೂ ಕಡಿಮೆ. ಇದಕ್ಕಾಗಿಯೇ ಅಲ್ಲಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು ಮತ್ತು ಮಕ್ಕಳ ಫಾರ್ಮಸಿಸ್ಟರ ಬಳಗ, ಇಂಥ ಕೆಲವು ಔಷಧಿಗಳಿಗೆ ಎಲ್ಲೆಡೆ ಒಂದೇ ಸಾಂದ್ರತೆ ಇರಲಿ ಎಂದು ಸೂಚಿಸಿವೆ.

ತಮಗೆ ಸಮಯವಿಲ್ಲ, ಹಣವಿಲ್ಲ, ಪರಿಣತಿಯೂ ಇಲ್ಲ ಎಂಬುದು ಜಿ.ಪಿ.ಗಳ ತಕರಾರು. ನ್ಯಾಯವಾದದ್ದೇ, ಒಲ್ಲೆ ಎನ್ನುವ ಹಕ್ಕೂ ಅವರಿಗಿದೆ. ಹಾಗಾದರೆ ಎಲ್ಲವನ್ನೂ ಆಸ್ಪತ್ರೆಯೇ ಇಟ್ಟುಕೊಳ್ಳಲಿ ಎಂದರೆ, ಹಳೆಯ ರೋಗಿಗಳ ಮಾಮೂಲಿ ಚೀಟಿಗಳಲ್ಲೇ ತಜ್ಞರ ಹೊತ್ತು ಕಳೆದು ಹೊಸ ಮಕ್ಕಳ ಸರದಿ ಉದ್ದವಾಗುತ್ತದೆ. ಮಕ್ಕಳ ಇನ್ನೊಂದು ತೊಂದರೆಯಾದ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆ) ಕುರಿತು, ಅಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆ ನನಗೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ: ಡೋಸ್ ಒಂದು ಹದಕ್ಕೆ ಬಂದ ಮೇಲಷ್ಟೇ ಜಿ.ಪಿ. ಕೈಗೆ, ಹತ್ತು ವರ್ಷದವರೆಗಿನ ಮಕ್ಕಳ ತೂಕ ಮೂರು ತಿಂಗಳಿಗೊಮ್ಮೆ, ಎಲ್ಲ ಮಕ್ಕಳ ಎತ್ತರ ಆರು ತಿಂಗಳಿಗೊಮ್ಮೆ ಅಳೆಯಬೇಕು. ಅಳೆಯುವವರು ಯಾರು ಎಂದು ಪತ್ರದಲ್ಲಿ ಬರೆಯದಿದ್ದರೆ ಇಬ್ಬರೂ ಅಳೆಯುವುದಿಲ್ಲ, ಅಷ್ಟೇ. ಜಿ.ಪಿ. ಲಿಖಿತವಾಗಿ ಒಪ್ಪುವ ತನಕ ಔಷಧಿ ಬರೆಯುವುದು ಆಸ್ಪತ್ರೆಯ ಕರ್ತವ್ಯವೇ. ಅಲ್ಲಿ ನೆಲೆಸಿರುವ ಕನ್ನಡಿಗ ತಂದೆತಾಯಂದಿರು ಮಗುವಿನ ಡೋಸನ್ನು ಮಿ.ಲೀ.ನಲ್ಲಿ ಮಾತ್ರವಲ್ಲ, ಮಿ.ಗ್ರಾಂ.ನಲ್ಲೂ ಬರೆದಿಟ್ಟುಕೊಳ್ಳಲಿ; ಬಾಟಲಿ ಬದಲಾದರೆ ಕುಡಿಸುವ ಮೊದಲು ಫಾರ್ಮಸಿಸ್ಟರನ್ನು ಕೇಳಲಿ.