ಕಾರಿನ ಪೆಟ್ರೋಲ್ ಬಾಗಿಲು ತೆರೆಯದಿದ್ದರೆ

ಪೆಟ್ರೋಲ್ ಬಂಕಿನಲ್ಲಿ ಇಂಥದೊಂದು ನೋಟವನ್ನು ನೀವು ಕಂಡಿರಬಹುದು. ಚಾಲಕರು ಆಸನದ ಪಕ್ಕದ ಸನ್ನೆಯನ್ನು ಮತ್ತೆ ಮತ್ತೆ ಎಳೆಯುತ್ತಾರೆ. ಆದರೆ ಕಾರಿನ ಹಿಂಬದಿಯ ಪುಟ್ಟ ಬಾಗಿಲು ಅಲುಗುವುದೇ ಇಲ್ಲ. ಟ್ಯಾಂಕು ಬರಿದಾಗಿದೆ, ಹಿಂದೆ ನಿಂತವರು ಹಾರನ್ ಒತ್ತುತ್ತಿದ್ದಾರೆ. ಆಗ ಯಾರಾದರೊಬ್ಬರು ಸ್ಕ್ರೂಡ್ರೈವರ್ ಹಿಡಿದು ಬರುತ್ತಾರೆ. ಸಣ್ಣ ದೋಷ ದೊಡ್ಡ ಖರ್ಚಾಗುವುದು ಅಲ್ಲಿಂದಲೇ. ಸಂದಿಗೆ ಉಕ್ಕಿನ ಮೊನೆ ತೂರಿಸಿ ಮೀಟಿದರೆ ಬಣ್ಣ ಕೀಳುತ್ತದೆ, ತಗಡು ಬಾಗುತ್ತದೆ; ಬಣ್ಣ ಹೋದ ಜಾಗಕ್ಕೆ ಮುಂದಿನ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಬಾಗಿಲು ಹೇಗೆ ತೆರೆಯುತ್ತದೆ ಎಂಬುದನ್ನು ತಿಳಿದರೆ ಮೀಟುವ ಅಗತ್ಯವೇ ಇರುವುದಿಲ್ಲ. ನಮ್ಮ ರಸ್ತೆಗಳಲ್ಲಿ ಹೇರಳವಾಗಿ ಕಾಣುವ ಮಾರುತಿ ಆಲ್ಟೊ, ವ್ಯಾಗನ್ ಆರ್ ಮುಂತಾದ ಕಾರುಗಳ ಹಲವು ಮಾದರಿಗಳನ್ನೇ ತೆಗೆದುಕೊಳ್ಳೋಣ. ಚಾಲಕರ ಆಸನದ ಬದಿಯಲ್ಲಿ, ನೆಲಕ್ಕೆ ಹತ್ತಿರ ಒಂದು ಸನ್ನೆ ಇರುತ್ತದೆ. ಅದರಿಂದ ಹೊರಟ ಕೇಬಲ್ಲು ನೆಲಹಾಸಿನ ಕೆಳಗೆ ಸಾಗಿ ಹಿಂಬದಿಯ ಬಾಗಿಲಿನ ಚಿಲಕವನ್ನು ಸೇರುತ್ತದೆ. ಸನ್ನೆ ಎಳೆದಾಗ ಚಿಲಕದ ಕಡ್ಡಿ ಹಿಂದೆ ಸರಿಯುತ್ತದೆ. ಕೇಬಲ್ಲಿನ ಕೆಲಸ ಅಷ್ಟಕ್ಕೇ ಮುಗಿಯಿತು. ಬಾಗಿಲನ್ನು ಹೊರಕ್ಕೆ ತಳ್ಳುವುದು ಬೇರೊಂದು ಸ್ಪ್ರಿಂಗು. ಚಿಲಕ ಬಿಡುವುದು ಒಂದು, ಬಾಗಿಲು ಚಿಮ್ಮುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡವರು ಕೇಬಲ್ಲು ಸರಿಯಾಗಿದ್ದರೂ ಹೊಸ ಕೇಬಲ್ಲಿಗೆ ಹಣ ತೆರುತ್ತಾರೆ.

ಯಾವುದು ಕೆಟ್ಟಿದೆ ಎಂದು ತಿಳಿಯಲು ಇಬ್ಬರು ಸಾಕು. ಒಬ್ಬರು ಸನ್ನೆಯನ್ನು ಎಳೆದು ಹಿಡಿದುಕೊಳ್ಳಲಿ. ಮತ್ತೊಬ್ಬರು ಬಾಗಿಲಿನ ಅಂಚನ್ನು ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದಲೋ ಮೆಲ್ಲಗೆ ಎತ್ತಲಿ. ಬಾಗಿಲು ಬಂದರೆ ಚಿಲಕವೂ ಕೇಬಲ್ಲೂ ಚೆನ್ನಾಗಿವೆ. ದಣಿದಿರುವುದು ಸ್ಪ್ರಿಂಗು, ಇಲ್ಲವೇ ಕೀಲಿನಲ್ಲಿ ಧೂಳು, ತುಕ್ಕು ಸೇರಿದೆ. ಬಾರದಿದ್ದರೆ ಅಂಗೈಯಿಂದ ಬಾಗಿಲನ್ನು ಒಳಕ್ಕೆ ಸ್ವಲ್ಪ ಒತ್ತಿ, ಅದೇ ಹೊತ್ತಿಗೆ ಸನ್ನೆ ಎಳೆಯಬೇಕು. ತೆರೆಯಬೇಕಾದ ಬಾಗಿಲನ್ನು ಒಳಕ್ಕೆ ಒತ್ತುವುದು ವಿಚಿತ್ರವೆನಿಸಬಹುದು. ಆದರೆ ಬಾಗಿಲು ಕಡ್ಡಿಯ ಮೇಲೆ ಒರಗಿದಷ್ಟೂ ಘರ್ಷಣೆ ಹೆಚ್ಚು. ಆ ಒರಗನ್ನು ಕಳೆದರೆ ಕಡ್ಡಿ ಸಲೀಸಾಗಿ ಜಾರುತ್ತದೆ. ಪಾಠದಲ್ಲಿ ಓದಿದ ಘರ್ಷಣೆಯ ನಿಯಮವೇ ಇದು.

ಸ್ಪ್ರಿಂಗು ದಣಿಯುವುದೇಕೆ? ಹಿಗ್ಗಿದಷ್ಟೇ ಬಲ ಎಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವು ಒಂದು ಮಿತಿಯೊಳಗೆ ಮಾತ್ರ ಸತ್ಯ. ಬಾಗಿಲು ಮುಚ್ಚಿರುವಷ್ಟು ಕಾಲವೂ ಈ ಸ್ಪ್ರಿಂಗು ಒತ್ತಿಸಿಕೊಂಡೇ ಇರುತ್ತದೆ. ವರ್ಷಗಳು ಕಳೆದಂತೆ ಅದರ ಬಾಗು ಸ್ವಲ್ಪ ಶಾಶ್ವತವಾಗಿ ಉಳಿದುಬಿಡಬಹುದು. ಉಕ್ಕಿನ ಪಟ್ಟಿಯಾಗಿದ್ದರೆ ಅದನ್ನು ಹೊರಮುಖವಾಗಿ ಕೂದಲೆಳೆಯಷ್ಟು ಬಗ್ಗಿಸಿದರೆ ಸಾಕು, ಮತ್ತೆ ಚಿಮ್ಮುತ್ತದೆ. ಹೆಚ್ಚು ಬಗ್ಗಿಸಿದರೆ ಮುರಿದೀತು. ಕೀಲನ್ನು ಒರೆಸಿ ಗ್ರೀಸ್ ತೆಳುವಾಗಿ ಸವರಬೇಕು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಒಡ್ಡಿಕೊಂಡ ಕಾರುಗಳಿಗೆ ಇದು ವರ್ಷಕ್ಕೊಮ್ಮೆಯಾದರೂ ಬೇಕು. ಒಳಗಿನ ತಿರುಪು ಮುಚ್ಚಳದ ರಬ್ಬರಿಗೆ ಮಾತ್ರ ಗ್ರೀಸ್ ತಾಗಬಾರದು. ಪೆಟ್ರೋಲಿನ ಆವಿಯನ್ನು ತಡೆಯುವುದು ಆ ಮುಚ್ಚಳವೇ ಹೊರತು ಹೊರಗಿನ ಬಾಗಿಲಲ್ಲ.

ಇನ್ನು ಕೇಬಲ್ಲು. ನಿಮ್ಮ ಸೈಕಲ್ಲಿನ ಬ್ರೇಕಿನಲ್ಲಿ ಇರುವುದೂ ಇದೇ. ಅರ್ನೆಸ್ಟ್ ಮೊನಿಂಗ್‌ಟನ್ ಬೌಡನ್ ಎಂಬಾತ 1896ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇಂದಿಗೂ ಅದು ಬೌಡನ್ ಕೇಬಲ್ ಎಂದೇ ಪ್ರಸಿದ್ಧ. ಒಳಗಿನ ತಂತಿ ಎಳೆತವನ್ನು ಸಾಗಿಸುತ್ತದೆ, ಹೊರಗಿನ ಕೊಳವೆ ಅಷ್ಟೇ ಬಲದ ಒತ್ತನ್ನು ತಾಳುತ್ತದೆ. ಕೊಳವೆಯ ತುದಿ ತನ್ನ ಗೂಡಿನಿಂದ ಜಾರಿತೆನ್ನಿ, ಆಗ ತಂತಿ ಎಳೆದರೆ ಕೊಳವೆಯೇ ಸರಿಯುತ್ತದೆ, ಚಿಲಕ ಅಲ್ಲೇ ಉಳಿಯುತ್ತದೆ. ಆದ್ದರಿಂದ ಕೈಗೆ ಸಿಗುವ ಅನುಭವವೇ ರೋಗದ ಲಕ್ಷಣ. ಸನ್ನೆ ಸಡಿಲವಾಗಿ ಬಂದರೆ ತಂತಿ ತುಂಡಾಗಿದೆ ಅಥವಾ ಕೊಳವೆ ಜಾರಿದೆ. ಕಲ್ಲಿನಂತೆ ಬಿಗಿಯಾಗಿದ್ದರೆ ತುಕ್ಕು ಹಿಡಿದಿದೆ. ಬಿಗಿಯಾದುದನ್ನು ಜಗ್ಗಿದರೆ ಪ್ಲಾಸ್ಟಿಕ್ ಸನ್ನೆ ಕೈಗೇ ಬರುತ್ತದೆ.

ಇಂತಹ ಹೊತ್ತಿನಲ್ಲಿ ಡಿಕ್ಕಿಯೊಳಗೆ ನೋಡಬೇಕು. ಪೆಟ್ರೋಲ್ ಬಾಗಿಲು ಇರುವ ಬದಿಯ ಒಳಹೊದಿಕೆಯನ್ನು ಸರಿಸಿದರೆ ಅನೇಕ ಕಾರುಗಳಲ್ಲಿ ಚಿಲಕದ ಹಿಂಭಾಗ ಕೈಗೆ ಸಿಗುತ್ತದೆ. ಕೆಲವು ಕಾರುಗಳಲ್ಲಿ ತುರ್ತು ಸಮಯಕ್ಕೆಂದೇ ಒಂದು ಎಳೆದಾರ ಇರುತ್ತದೆ. ಕಾರಿನ ಜೊತೆ ಕೊಟ್ಟ, ಯಾರೂ ಬಿಡಿಸಿ ನೋಡದ ಕೈಪಿಡಿಯಲ್ಲಿ ಅದರ ಚಿತ್ರವೂ ಇರಬಹುದು. ಎಂಜಿನ್ ನಿಲ್ಲಿಸಿ, ಬಂಕಿನಿಂದ ದೂರದಲ್ಲಿ ಈ ಕೆಲಸ ಮಾಡಬೇಕು. ಬೆಳಕಿಗೆ ಟಾರ್ಚ್ ಇರಲಿ, ಬೆಂಕಿಕಡ್ಡಿ ಬೇಡವೇ ಬೇಡ: ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಶೇಖರವಾಗುತ್ತದೆ. ತಗಡಿನ ಅಂಚು ಹರಿತವಾಗಿರುವುದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಕೆಲವು ಕಾರುಗಳಲ್ಲಿ ಕೇಬಲ್ಲಿನ ಬದಲು ವಿದ್ಯುತ್ ಚಿಲಕವಿದೆ. ಎಲ್ಲ ಬಾಗಿಲುಗಳ ಬೀಗ ತೆರೆದು, ಪೆಟ್ರೋಲ್ ಬಾಗಿಲಿಗೆ ಕಿವಿಗೊಡಿ. ‘ಟಕ್’ ಎಂಬ ಸದ್ದು ಬಂದರೆ ವಿದ್ಯುತ್ತು ತಲುಪುತ್ತಿದೆ. ಸದ್ದಿಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು.

ಅಂದಹಾಗೆ, ಬಾಗಿಲು ಕಾರಿನ ಯಾವ ಬದಿಗಿದೆ ಎಂದು ತಿಳಿಯಲು ಇಂಧನಮಾಪಕದ ಪಕ್ಕದ ಪುಟ್ಟ ಬಾಣವನ್ನು ನೋಡಿದರಾಯಿತು. ಫೋರ್ಡ್ ಕಂಪನಿಯ ಜಿಮ್ ಮೊಯ್ಲನ್ ಎಂಬುವರು 1986ರಲ್ಲಿ ಕೊಟ್ಟ ಸಲಹೆ ಅದು.

ದುರಸ್ತಿ ಮುಗಿದೊಡನೆ ಬಾಗಿಲನ್ನು ಮುಚ್ಚಿಬಿಡಬಾರದು. ಅದು ತೆರೆದಿರುವಾಗಲೇ ಒಬ್ಬರು ಸನ್ನೆ ಎಳೆಯಲಿ, ಇನ್ನೊಬ್ಬರು ಚಿಲಕದ ಕಡ್ಡಿಯನ್ನು ನೋಡಲಿ. ಕಡ್ಡಿ ಪೂರ್ತಿ ಒಳಸರಿದು, ಸನ್ನೆ ಬಿಟ್ಟಾಗ ತಾನಾಗಿ ಹೊರಬರಬೇಕು. ನಾಲ್ಕಾರು ಬಾರಿ ಹೀಗಾದ ಮೇಲೆ ಬಾಗಿಲು ಮುಚ್ಚಬಹುದು.